ಜೇಲಿ ಮಾರ್ಟಿನ್: ಇಬ್ಬರು ಪುಟ್ಟ ಹೆಣ್ಣುಮಕ್ಕಳೊಡನೆ ಕೊನೆಯ ಕ್ರಿಸ್ಮಸ್

ಬಾಲಯೇಸುವಿನ ಸಂತ ತೆರೇಸಾರನ್ನು ಅರಿಯದ ಕ್ರೈಸ್ತ ಕುಟುಂಬ ನಮ್ಮಲ್ಲಿ ವಿರಳ. ಆದರೆ ಆಕೆಯ ತಾಯಿಯನ್ನು ಬಲ್ಲವರು ಅಷ್ಟಾಗಿ ಇಲ್ಲ. ಮಗಳಿಗೆ ನಾಲ್ಕೂವರೆ ವರ್ಷವಾಗಿದ್ದಾಗಲೇ ಅಗಲಿಹೋದ ಆ ತಾಯಿಯ ಹೆಸರು ಜೇಲಿ ಗೆರಿನ್.

ಜೇಲಿ ಹುಟ್ಟಿದ್ದು 1831ರ ಡಿಸೆಂಬರ್ 23ರಂದು, ಫ್ರಾನ್ಸ್ ದೇಶದ ನಾರ್ಮಂಡಿ ಪ್ರಾಂತದಲ್ಲಿ. ಕನ್ಯಾಸ್ತ್ರೀಯಾಗಬೇಕೆಂದು ಆಕೆ ಹಂಬಲಿಸಿದ್ದರು. ಮಠದಲ್ಲಿ ಅವಕಾಶ ಸಿಗಲಿಲ್ಲ. 1853ರಲ್ಲಿ ಅಲೆನ್ಸಾನ್ ಪಟ್ಟಣದಲ್ಲಿ ಲೇಸಿನ ಉದ್ಯೋಗ ಆರಂಭಿಸಿದರು. ಅಲ್ಲಿನ ಲೇಸು ಸೂಜಿದಾರದಿಂದ ಹೆಣೆಯುವಂಥದ್ದು. ಹೆಂಗಸರು ಅದನ್ನು ತಮ್ಮ ತಮ್ಮ ಮನೆಗಳಲ್ಲಿ ತುಂಡುತುಂಡಾಗಿ ಹೆಣೆದು ಗುರುವಾರ ಜೇಲಿಯವರ ಮನೆಗೆ ತಂದೊಪ್ಪಿಸುತ್ತಿದ್ದರು. ಆ ತುಂಡುಗಳನ್ನು ಹೊಲಿಗೆ ಕಾಣದಂತೆ ಕೂಡಿಸುವ ನಾಜೂಕಿನ ಕೆಲಸ ಜೇಲಿಯವರದು. 1858ರ ಜುಲೈ 13ರಂದು ಗಡಿಯಾರದ ಅಂಗಡಿ ನಡೆಸುತ್ತಿದ್ದ ಲೂಯಿ ಮಾರ್ಟಿನ್ ಅವರೊಡನೆ ಆಕೆಯ ವಿವಾಹವಾಯಿತು. ಮುಂದೆ ಪತ್ನಿಯ ಉದ್ಯೋಗಕ್ಕೆ ನೆರವಾಗಲೆಂದು ಲೂಯಿ ತಮ್ಮ ಅಂಗಡಿಯನ್ನೇ ಬಿಟ್ಟುಕೊಟ್ಟರು.

ದೇವರು ಅವರಿಗೆ ಒಂಬತ್ತು ಮಕ್ಕಳನ್ನು ಕೊಟ್ಟರು. ಅವರಲ್ಲಿ ನಾಲ್ವರನ್ನು ಎಳೆತನದಲ್ಲೇ ಮಣ್ಣಿಗೊಪ್ಪಿಸಬೇಕಾಯಿತು. ಉಳಿದ ಐವರೂ ಹೆಣ್ಣುಮಕ್ಕಳು. ಹಿರಿಯಳು ಮರಿ ಶಾಲೆ ಮುಗಿಸಿ ಮನೆಯಲ್ಲಿದ್ದಳು. ಪೌಲಿನ್ ದೂರದ ಕಾನ್ವೆಂಟಿನಲ್ಲಿದ್ದು ರಜೆಗೆ ಬರುತ್ತಿದ್ದಳು. ಮೂರನೆಯವಳು ಲಿಯೋನಿ. ಕೊನೆಯ ಇಬ್ಬರೇ ಸೆಲೀನ್ ಮತ್ತು ತೆರೇಸಾ.

ಈ ಇಬ್ಬರ ಆಟಪಾಟಗಳನ್ನು ಜೇಲಿ ಪೌಲಿನ್‌ಗೆ ಪತ್ರಗಳಲ್ಲಿ ಬರೆಯುತ್ತಿದ್ದರು. ಒಬ್ಬಳನ್ನು ಬಿಟ್ಟು ಒಬ್ಬಳು ಇರುತ್ತಿರಲಿಲ್ಲ. ಮರಿ ಸೆಲೀನಳಿಗೆ ಪಾಠ ಹೇಳುವಾಗ ತೆರೇಸಾಳಿಗೂ ಅಲ್ಲೇ ಕೂರಬೇಕು. ಸದ್ದು ಮಾಡಬಾರದೆಂಬ ಷರತ್ತಿಗೆ ಒಪ್ಪಿ ಸೂಜಿ ಹಿಡಿದು ಕೂರುವಳು; ದಾರ ಕಳಚಿದರೆ ಬಾಯಿ ಬಿಡದೆ ಕಣ್ಣೀರಿಡುವಳು; ಅಕ್ಕ ಬಂದು ದಾರ ಪೋಣಿಸಿಕೊಡುವಳು. ಒಮ್ಮೆ ಗೋಡೆಯ ಕಾಗದವನ್ನು ಹರಿದಾಗ, ತಂದೆ ಮನೆಗೆ ಬರುವುದನ್ನೇ ಕಾದು ತಪ್ಪೊಪ್ಪಿಕೊಂಡಳು. ಮಹಡಿ ಮೆಟ್ಟಿಲು ಹತ್ತುವಾಗ ಒಂದೊಂದು ಮೆಟ್ಟಿಲಿಗೂ ಅಮ್ಮನನ್ನು ಕೂಗುವಳು. ಅಮ್ಮ ಓಗೊಡಲು ಮರೆತರೆ ಅಲ್ಲೇ ನಿಂತುಬಿಡುವಳು.

1876ರ ಡಿಸೆಂಬರ್ ಬಂತು. ಸೆಲೀನಳಿಗೆ ಏಳು ವರ್ಷ. ತೆರೇಸಾಳಿಗೆ ನಾಲ್ಕು ತುಂಬಲು ಕೆಲವೇ ದಿನ. ಬಹುಕಾಲದಿಂದ ಜೇಲಿಯವರ ಎದೆಯಲ್ಲಿದ್ದ ಗಂಟು ಈಗ ನೋಯತೊಡಗಿತ್ತು. ಪರೀಕ್ಷಿಸಿದ ವೈದ್ಯರು ಔಷಧ ಬರೆದುಕೊಟ್ಟರು. ಇದರಿಂದ ಪ್ರಯೋಜನವೇನೆಂದು ಜೇಲಿ ನೇರವಾಗಿ ಕೇಳಿದಾಗ, ಅದು ರೋಗಿಯ ಸಮಾಧಾನಕ್ಕಷ್ಟೇ ಎಂದು ಅವರು ಒಪ್ಪಿಕೊಂಡರು. ಮನೆಗೆ ಬಂದು ಇದನ್ನು ತಿಳಿಸಿದಾಗ ಎಲ್ಲರೂ ಅತ್ತರು. ಇಂಥ ಕಾಯಿಲೆಯೊಡನೆ ಹತ್ತು ಹದಿನೈದು ವರ್ಷ ಬದುಕಿದವರ ಉದಾಹರಣೆ ಕೊಟ್ಟು, ರೋಗಿಯೇ ಮನೆಯವರನ್ನು ಸಂತೈಸಬೇಕಾಯಿತು. ಆಮೇಲೆ ಆಕೆ ಎಂದಿನಂತೆ ನಗುತ್ತಲೇ ಕೆಲಸಕ್ಕೆ ಕುಳಿತರು.

ಲಿಸ್ಯೂ ಪಟ್ಟಣದಲ್ಲಿ ಔಷಧದಂಗಡಿ ಇಟ್ಟಿದ್ದ ತಮ್ಮ ಇಸಿದೋರ್ ಇನ್ನೊಬ್ಬ ವೈದ್ಯರಿಗೆ ತೋರಿಸಲು ಅಕ್ಕನನ್ನು ಕರೆಸಿಕೊಂಡರು. ಶಸ್ತ್ರಚಿಕಿತ್ಸೆಯ ಕಾಲ ಮೀರಿದೆಯೆಂದು ಆ ವೈದ್ಯರು ಹೇಳಿದರು. ಡಿಸೆಂಬರ್ 24ರಂದು, ನಲವತ್ತೈದು ತುಂಬಿದ ಮರುದಿನ, ಜೇಲಿ ಪತಿಗೆ ಪತ್ರ ಬರೆದು ಈ ವಿಷಯ ತಿಳಿಸಿದರು. ಬೇಗ ಮನೆ ಸೇರಿ ಪತಿಯ ಬಳಿ ಇರಬೇಕೆಂಬ ತವಕ ಆ ಪತ್ರದಲ್ಲಿತ್ತು. ಊರೆಲ್ಲ ಕ್ರಿಸ್ತಜನನದ ಸಂಭ್ರಮದಲ್ಲಿದ್ದಾಗ ಈ ತಾಯಿಯ ಕೈಗೆ ಸಿಕ್ಕಿದ್ದು ಆ ಸುದ್ದಿ.

ಮುಂದಿನ ತಿಂಗಳುಗಳನ್ನು ಜೇಲಿ ಹೇಗೆ ಕಳೆದರು? ಮೊದಲಿನಂತೆಯೇ. ಬೆಳಗಿನ ಬಲಿಪೂಜೆ, ಲೇಸಿನ ಕೆಲಸ, ಮಕ್ಕಳ ಬಟ್ಟೆಬರೆ, ಪತ್ರಗಳು. ಆ ದಿನಗಳಲ್ಲಿ ಸೆಲೀನ್ ಮತ್ತು ತೆರೇಸಾ ಮಣಿಗಳ ಸರವೊಂದನ್ನು ಜೇಬಿನಲ್ಲಿಟ್ಟುಕೊಂಡು, ಯೇಸುವಿಗಾಗಿ ಚಿಕ್ಕ ತ್ಯಾಗ ಮಾಡಿದಾಗಲೆಲ್ಲ ಒಂದು ಮಣಿ ಸರಿಸುತ್ತಿದ್ದರು. ಮಕ್ಕಳು ತೋಟದಲ್ಲಿ ಈ ಲೆಕ್ಕ ಮಾತಾಡಿಕೊಳ್ಳುವುದನ್ನು ಕೇಳಿ ನೆರೆಮನೆಯಾಕೆಗೆ ಅಚ್ಚರಿಯೋ ಅಚ್ಚರಿ. ಜೂನ್‌ನಲ್ಲಿ ಜೇಲಿ ಮೂವರು ದೊಡ್ಡ ಹೆಣ್ಣುಮಕ್ಕಳೊಡನೆ ಲೂರ್ದಿಗೆ ಯಾತ್ರೆ ಹೋದರು. ಚಿಕ್ಕವರಿಬ್ಬರು ತಂದೆಯ ಬಳಿ ಉಳಿದರು. ಗುಣವಾಗಲಿಲ್ಲ, ಆದರೂ ಆಕೆ ಗೆಲುವಿನಿಂದಲೇ ಹಿಂದಿರುಗಿದರು.

ಆಗಸ್ಟ್‌ನಲ್ಲಿ ರಜೆ ಬಂದಾಗ ಮರಿ ತನ್ನ ಕೋಣೆಯನ್ನು ಹೂಗಳಿಂದ ಸಿಂಗರಿಸಿ ಪುಟ್ಟ ವಿದ್ಯಾರ್ಥಿನಿಯರಿಬ್ಬರಿಗೆ ಬಹುಮಾನ ವಿತರಣೆ ಏರ್ಪಡಿಸಿದಳು. ಅಪ್ಪ ಅಮ್ಮನಿಗೆ ಎರಡು ಕುರ್ಚಿ. ನೋವಿನಿಂದ ಕುಗ್ಗಿಹೋಗಿದ್ದ ಜೇಲಿ ಅಲ್ಲಿ ಕುಳಿತು ಮಕ್ಕಳಿಗೆ ಬಹುಮಾನ ಕೊಟ್ಟರು. ಆಗಸ್ಟ್ 28ರಂದು ಪ್ರಭುವಿನಲ್ಲಿ ನಿದ್ರೆಹೋದರು. ಆ ದಿನಗಳಲ್ಲಿ ಸೆಲೀನ್ ಮರಿಯನ್ನು, ತೆರೇಸಾ ಪೌಲಿನಳನ್ನು ಅಪ್ಪಿಕೊಂಡು ಇನ್ನು ಮುಂದೆ ನೀನೇ ತಾಯಿಯೆಂದರು. ನವೆಂಬರ್‌ನಲ್ಲಿ ಕುಟುಂಬ ಲಿಸ್ಯೂಗೆ ಹೋಗಿ ನೆಲೆಸಿತು.

ತಾಯಿ ಹೋದ ಮೇಲೆ ತೆರೇಸಾ ಮಾತುಮಾತಿಗೂ ಅಳುವ ಮಗುವಾದಳು. ಹೀಗೇ ಒಂಬತ್ತು ವರ್ಷ ಕಳೆದವು. 1886ರ ಕ್ರಿಸ್ಮಸ್ ರಾತ್ರಿ, ಬಲಿಪೂಜೆ ಮುಗಿಸಿ ಮನೆಗೆ ಬಂದಾಗ, ಪದ್ಧತಿಯಂತೆ ಅಗ್ಗಿಷ್ಟಿಕೆಯ ಬಳಿ ಉಡುಗೊರೆ ತುಂಬಿದ ಪಾದರಕ್ಷೆಗಳು ಕಾದಿದ್ದವು. ದಣಿದಿದ್ದ ತಂದೆ, ಈ ಮಕ್ಕಳಾಟಕ್ಕೆ ಇದೇ ಕೊನೆಯ ವರ್ಷವೆಂದು ಬೇಸರದಿಂದ ನುಡಿದದ್ದು ಮೆಟ್ಟಿಲು ಹತ್ತುತ್ತಿದ್ದ ತೆರೇಸಾಳ ಕಿವಿಗೆ ಬಿತ್ತು. ಈಗಲೇ ಕೆಳಗೆ ಹೋಗಬೇಡವೆಂದು ಸೆಲೀನ್ ತಡೆದಳು. ತೆರೇಸಾ ಕಣ್ಣೀರು ನುಂಗಿಕೊಂಡು ಕೆಳಗಿಳಿದು, ನಗುನಗುತ್ತಾ ಒಂದೊಂದೇ ಉಡುಗೊರೆಯನ್ನು ಹೊರತೆಗೆದಳು. ತಂದೆಯ ಮುಖವೂ ಅರಳಿತು. ನಾಲ್ಕೂವರೆ ವರ್ಷದಲ್ಲಿ ಕಳೆದುಕೊಂಡಿದ್ದ ಮನೋಬಲವನ್ನು ದೇವರು ಆ ರಾತ್ರಿ ಮರಳಿ ಕೊಟ್ಟರೆಂದು ತೆರೇಸಾ ಮುಂದೆ ಬರೆದರು. ತನ್ನ ನೋವನ್ನು ನುಂಗಿ ಮನೆಯವರನ್ನು ನಗಿಸುವುದು ಜೇಲಿ ಹತ್ತು ವರ್ಷ ಹಿಂದೆ ಮಾಡಿದ್ದೇ ಅಲ್ಲವೇ?

ತೆರೇಸಾರನ್ನು 1925ರಲ್ಲಿ ಸಂತರೆಂದು ಘೋಷಿಸಲಾಯಿತು. ತಂದೆತಾಯಿಗೆ ಆ ಗೌರವ ಸಂದದ್ದು 2015ರ ಅಕ್ಟೋಬರ್ 18ರಂದು, ಜಗದ್ಗುರು ಫ್ರಾನ್ಸಿಸರಿಂದ. ದಂಪತಿಗಳಾಗಿ ಒಟ್ಟಿಗೆ ಸಂತಪದವಿಗೇರಿದವರಲ್ಲಿ ಇವರೇ ಮೊದಲಿಗರು.

ಪ್ರಿಯ ತಾಯಂದಿರೇ, ಹಬ್ಬದ ದಿನಗಳಲ್ಲಿ ಅಡುಗೆ, ಹೊಲಿಗೆ, ಮಕ್ಕಳ ಗದ್ದಲದ ನಡುವೆ ನಿಮ್ಮ ನೋವನ್ನು ಯಾರೂ ಕಾಣದಿರಬಹುದು. ಮಗು ಮೆಟ್ಟಿಲಿನಿಂದ ಕೂಗಿದಾಗ ನೀವು ಓಗೊಡುತ್ತೀರಲ್ಲ, ಅದನ್ನು ದೇವರು ಕೇಳಿಸಿಕೊಂಡಿರುತ್ತಾರೆ.