ಹಗರಿ ಹೊಳೆಯ ಮೇಲಿನ ಮಹಾರಾಣಿ

ಬಳ್ಳಾರಿ ಸೀಮೆ ದಾಟಿ ಸಿರುಗುಪ್ಪದ ಕಡೆ ಸಾಗುವ ಹಗರಿ, ವರ್ಷದ ಬಹುಪಾಲು ಬರೀ ಮರಳು. ಇದೇ ಹೊಳೆಗೆ ಮೇಲ್ಭಾಗದಲ್ಲಿ ವೇದಾವತಿ ಅಂತ ಹೆಸರು. ಹಿರಿಯೂರಿನ ಹತ್ತಿರ ಅದಕ್ಕೆ ಕಟ್ಟಿದ ಅಣೆಕಟ್ಟು ವಾಣಿವಿಲಾಸ ಸಾಗರ. ಯಾರು ಈ ವಾಣಿವಿಲಾಸ?

ಮೈಸೂರಿನ ಮಹಾರಾಣಿ ಕೆಂಪನಂಜಮ್ಮಣ್ಣಿ. ಕಳಲೆ ಮನೆತನದ ಮಗಳು, ಹುಟ್ಟಿದ್ದು 1866ರಲ್ಲಿ. 1894ರ ಡಿಸೆಂಬರ್‌ನಲ್ಲಿ ಪತಿ ಚಾಮರಾಜೇಂದ್ರ ಒಡೆಯರ್ ಕಲ್ಕತ್ತಾದಲ್ಲಿ ತೀರಿಕೊಂಡಾಗ ಅವರಿಗಿನ್ನೂ ಮೂವತ್ತಾಗಿರಲಿಲ್ಲ, ಮಗ ಕೃಷ್ಣರಾಜನಿಗೆ 10 ವರ್ಷ. ವಿಧವೆಯರನ್ನ ಮೂಲೆಗೆ ಕೂರಿಸುತ್ತಿದ್ದ ಕಾಲದಲ್ಲಿ ರಾಜ್ಯವೇ ಹೆಗಲಿಗೆ ಬಿತ್ತು. 1902ರವರೆಗೆ ರೀಜೆಂಟ್ ಆಗಿ ಆಳಿದರು. 1898ರ ಪ್ಲೇಗು, ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ, ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಎಳೆದ ವಿದ್ಯುತ್ ತಂತಿ, ಈ ಅಣೆಕಟ್ಟಿನ ಆರಂಭ, ಎಲ್ಲವೂ ಅವರ ಆಡಳಿತದಲ್ಲೇ. ತೀರಿಕೊಂಡಿದ್ದು 1934ರಲ್ಲಿ.

ಎಂಜಿನಿಯರಿಂಗ್ ಓದುವಾಗ ನಾನು ಕೇಳಿದ್ದು ದಿವಾನರ, ಎಂಜಿನಿಯರುಗಳ ಹೆಸರು ಮಾತ್ರ. ರಾಣಿ ಬರೀ ನಾಮಫಲಕ.

ಹಾಗಂತ ಹೊಗಳಿ ಸುಮ್ಮನಾದರೆ ಸಾಲದು. ಆಗ ಬಳ್ಳಾರಿ ಇದ್ದದ್ದು ಮದ್ರಾಸ್ ಪ್ರಾಂತ್ಯದಲ್ಲಿ. ಮೇಲಿನ ಸೀಮೆಗೆ ವರವಾದ ಕಟ್ಟೆ, ಕೆಳಗಿನ ರೈತನಿಗೆ ನೀರಿನ ಪ್ರಶ್ನೆ. ಅವರು ನಿಜವಾಗಿ ಆಳಿದರು ಅಂತ ಒಪ್ಪೋದಾದರೆ ಕೀರ್ತಿಯಷ್ಟೇ ಅಲ್ಲ, ಈ ಲೆಕ್ಕವೂ ಅವರ ಹೆಸರಿಗೇ ಬರಬೇಕು. ರಾಜರಿಗೆ ನಾವು ಕೊಡುವ ಮರ್ಯಾದೆ ಅದೇ ತಾನೇ?