ಕಾಣದ ನಾಡಿನ ಚಿಂತೆ

ಕ್ರಿಮಿಯಾ ಯುದ್ಧದ ದೀಪಧಾರಿಣಿಯೆಂದು ಖ್ಯಾತರಾದ ಫ್ಲಾರೆನ್ಸ್ ನೈಟಿಂಗೇಲರು ಜನಿಸಿದುದು ೧೮೨೦ರಲ್ಲಿ. ಯುದ್ಧದಿಂದ ಮರಳಿದ ಮೇಲೆ ಅನಾರೋಗ್ಯವು ಅವರನ್ನು ಬಹುಕಾಲ ಕೋಣೆಯಲ್ಲಿಯೇ ಕಟ್ಟಿಹಾಕಿತು. ೧೮೬೦ರಲ್ಲಿ ಲಂಡನ್ನಿನ ಸಂತ ಥಾಮಸ್ ಆಸ್ಪತ್ರೆಯಲ್ಲಿ ತಮ್ಮ ಹೆಸರಿನಿಂದ ಆರಂಭವಾದ ದಾದಿಯರ ಶಾಲೆಯ ವಿದ್ಯಾರ್ಥಿನಿಯರಿಗೆ, ೧೮೭೨ರಿಂದ ಅವರು ಪತ್ರಮುಖೇನ ಬೋಧಿಸತೊಡಗಿದರು.

ಭಾರತವನ್ನು ಅವರು ಕಣ್ಣಾರೆ ಕಂಡವರಲ್ಲ. ಆದರೂ ಇಲ್ಲಿನ ದಂಡಿನ ಠಾಣ್ಯಗಳಿಗೆ ಪ್ರಶ್ನಾವಳಿಗಳನ್ನು ಕಳುಹಿಸಿ ನೀರು, ಚರಂಡಿ, ವಸತಿಗಳ ವಿವರಗಳನ್ನು ತರಿಸಿಕೊಂಡರು. ೧೮೬೩ರ ವರದಿಯಂತೆ ಇಲ್ಲಿ ಆಂಗ್ಲ ಸೈನಿಕರು ವರ್ಷಕ್ಕೆ ಸಾವಿರಕ್ಕೆ ೬೯ರಂತೆ ಸಾಯುತ್ತಿದ್ದರು. ಸರ್ಕಾರದ ಆಜ್ಞೆಯಿಂದಲೇ ಎಲ್ಲವೂ ಸರಿಹೋದೀತೆಂದು ಅವರು ಮೊದಲು ನಂಬಿದ್ದರು. ಅದು ಭ್ರಮೆಯೆಂದೇ ಹೇಳಬೇಕು. ೧೮೭೬-೭೮ರ ಭೀಕರ ಕ್ಷಾಮದ ವಾರ್ತೆ ಅವರ ಮನಸ್ಸನ್ನು ಕಲಕಿತು. ಹೊಟ್ಟೆಗಿಲ್ಲದ ರೈತನಿಗೆ ನೈರ್ಮಲ್ಯದ ಉಪದೇಶವೆಲ್ಲಿಯದು? ಅಂದಿನಿಂದ ಅವರು ನೀರಾವರಿ, ಸಾಲ, ಉಪ್ಪಿನ ತೆರಿಗೆಗಳನ್ನು ಕುರಿತು ಬರೆದರು. ಪುಣೆಯ ಸಾರ್ವಜನಿಕ ಸಭೆಯವರೊಡನೆ ಪತ್ರವ್ಯವಹಾರ ನಡೆಸಿದರು.

೧೮೯೨ರಲ್ಲಿ ಇಂಗ್ಲೆಂಡಿನ ಬಕಿಂಗ್‌ಹ್ಯಾಮ್ ಪ್ರಾಂತದ ಹಳ್ಳಿಮನೆಗಳಿಗೆ ಆರೋಗ್ಯಬೋಧಕಿಯರನ್ನು ಸಿದ್ಧಗೊಳಿಸುವ ಯೋಜನೆಗೆ ಅವರು ನೆರವಾದರು. ಬೋಧಿಸುವವಳು ಮೊದಲು ಮನೆಯೊಡತಿಯ ಬಾಳನ್ನು ಅರಿತು ಅವಳ ಸ್ನೇಹವನ್ನು ಗಳಿಸಬೇಕೆಂಬುದು ಅವರ ನಿಲುವು. ಭಾರತದ ಗ್ರಾಮಗಳಿಗೂ ಇಂತಹ ಆರೋಗ್ಯಪಾಠಗಳು ಬೇಕೆಂದು ಅವರು ಹಂಬಲಿಸಿದರು. ಇಳಿವಯಸ್ಸಿನಲ್ಲಿ ಕಣ್ಣು ಕಾಣದಾಯಿತು. ೧೯೧೦ರಲ್ಲಿ ಅವರು ತೀರಿಕೊಂಡರು.