ವಚನಪಿತಾಮಹ ಫ. ಗು. ಹಳಕಟ್ಟಿಯವರು

ನೂರು ನೂರಿಪ್ಪತ್ತು ವರ್ಷಗಳ ಹಿಂದೆ ಉತ್ತರ ಕರ್ನಾಟಕದ ಅನೇಕ ಭಕ್ತರ ಮನೆಗಳಲ್ಲಿ, ದೇವರ ಜಗಲಿಯ ಮೇಲೆ, ಬಟ್ಟೆಯಲ್ಲಿ ಸುತ್ತಿಟ್ಟ ಓಲೆಗರಿಯ ಕಟ್ಟೊಂದು ಇರುತ್ತಿತ್ತು. ಮನೆಯವರು ಅದಕ್ಕೆ ನಿತ್ಯವೂ ವಿಭೂತಿಯನ್ನು ಧರಿಸಿ, ಪತ್ರಪುಷ್ಪಗಳನ್ನು ಏರಿಸಿ, ಧೂಪದೀಪಗಳಿಂದ ಪೂಜಿಸುತ್ತಿದ್ದರು. ಆ ಕಟ್ಟಿನೊಳಗೆ ಏನಿದೆಯೆಂದು ಕೇಳಿದರೆ ಪುರಾತನರ ವಾಕ್ಯವೆಂದು ಕೈಮುಗಿದು ಹೇಳುತ್ತಿದ್ದರೇ ಹೊರತು ದಾರವನ್ನು ಬಿಚ್ಚಿ ಓದಿದವರು ವಿರಳ. ತಂದೆಯಿಂದ ಮಗನಿಗೆ ಪೂಜೆ ಬಂದಿತು, ಓದು ಬರಲಿಲ್ಲ. ಹುಳು ತಿಂದು ಪುಡಿಯಾದ ಕಟ್ಟುಗಳನ್ನು ಭಕ್ತಿಯಿಂದಲೇ ಹೊಳೆಗೆ ಬಿಟ್ಟುದೂ ಉಂಟು. ಹೀಗೆ ಶರಣರ ವಾಣಿಯು ಭಕ್ತರ ಮನೆಯಲ್ಲಿಯೇ, ಭಕ್ತರ ಕಣ್ಣೆದುರಿನಲ್ಲಿಯೇ, ಮೌನವಾಗಿ ಕ್ಷಯಿಸುತ್ತಿದ್ದ ಕಾಲದಲ್ಲಿ ಆ ಕಟ್ಟುಗಳ ದಾರವನ್ನು ಬಿಚ್ಚಿದ ಮಹನೀಯರೇ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು.

ಅವರು ಧಾರವಾಡದಲ್ಲಿ 1880ನೆಯ ಇಸವಿ ಜುಲೈ 2ರಂದು ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರು, ಲೇಖಕರು. ಕನ್ನಡದ ಅಭ್ಯುದಯಕ್ಕಾಗಿ ದುಡಿದವರ ಸಾಲಿಗೆ ಸೇರಿದವರು. ತಾಯಿ ದಾನಾದೇವಿಯವರು ಮಗನು ತೀರ ಚಿಕ್ಕವನಿರುವಾಗಲೇ ಶಿವೈಕ್ಯರಾದುದರಿಂದ ಬಾಲಕನು ಅಜ್ಜಿಯ ಮಡಿಲಲ್ಲಿ ಬೆಳೆದನು. ಧಾರವಾಡದ ವಿದ್ಯಾಭ್ಯಾಸವು ಮುಗಿದ ಮೇಲೆ ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜನ್ನು ಸೇರಿ ಪದವಿಯನ್ನು ಪಡೆದು, 1904ರಲ್ಲಿ ಕಾನೂನು ಪರೀಕ್ಷೆಯಲ್ಲಿಯೂ ತೇರ್ಗಡೆಯಾದರು. ಮುಂಬಯಿಯಲ್ಲಿ ಗುಜರಾಥಿ ಮರಾಠಿ ಜನರು ತಂತಮ್ಮ ಭಾಷೆಗಳಲ್ಲಿ ಮಾಡುತ್ತಿದ್ದ ಕಾರ್ಯವನ್ನು ಕಣ್ಣಾರೆ ಕಂಡ ಕನ್ನಡ ತರುಣನಿಗೆ ತನ್ನ ನಾಡಿನ ದುಃಸ್ಥಿತಿಯು ನಾಟದೆ ಇರಲು ಸಾಧ್ಯವೇ? ಆಲೂರು ವೆಂಕಟರಾಯರಂಥವರ ಸಹವಾಸವೂ ಅವರಿಗೆ ಅಲ್ಲಿ ದೊರೆಯಿತು. ಮೊದಲು ಬೆಳಗಾವಿಯಲ್ಲಿ, ಬಳಿಕ ವಿಜಾಪುರದಲ್ಲಿ ವಕೀಲಿಯನ್ನು ಆರಂಭಿಸಿದರು. ಇಂದು ವಿಜಯಪುರವೆನಿಸಿರುವ ಆ ನಗರವೇ ಅವರ ಕರ್ಮಭೂಮಿಯಾಯಿತು.

ವಕೀಲರಾಗಿ ಅವರು ಗಳಿಸಿದ ಹೆಸರು, ಸರಕಾರದಿಂದ ಬಂದ ರಾವಬಹಾದ್ದೂರ ಪದವಿ, ಮುಂಬಯಿ ಶಾಸನಸಭೆಯ ಸದಸ್ಯತ್ವ ಇವೆಲ್ಲ ಅವರ ಚರಿತ್ರೆಯಲ್ಲಿ ಬರುವ ಸಂಗತಿಗಳೇ. 1910ರಲ್ಲಿ ವಿಜಾಪುರ ಜಿಲ್ಲೆಯ ಲಿಂಗಾಯತ ವಿದ್ಯಾವರ್ಧಕ ಸಂಘವೂ 1912ರಲ್ಲಿ ಶ್ರೀ ಸಿದ್ಧೇಶ್ವರ ಬ್ಯಾಂಕೂ ಅವರ ಶ್ರಮದಿಂದ ತಲೆಯೆತ್ತಿದುವು. ಇಷ್ಟು ಕಾರ್ಯವೇ ಬೇರೊಬ್ಬರ ಜೀವನಕ್ಕೆ ಸಾಕಾಗುತ್ತಿತ್ತು. ಆದರೆ ಹಳಕಟ್ಟಿಯವರ ನಿಜವಾದ ಜೀವನವು ರಬಕವಿಯ ಒಂದು ಮನೆಯಲ್ಲಿ ಆರಂಭವಾಯಿತೆಂದು ಹೇಳಬೇಕು.

ರಬಕವಿಯು ಕೃಷ್ಣಾನದಿಯ ಸಮೀಪದ ನೇಕಾರರ ಊರು. ಅಲ್ಲಿಯ ಮಂಚಾಲೆ ಮನೆತನದವರಲ್ಲಿ ಓಲೆಗರಿಯ ಕಟ್ಟುಗಳಿದ್ದುವು. ಅವುಗಳಲ್ಲಿ ಪ್ರಭುದೇವರ ವಚನ ಹಾಗೂ ಷಟ್‌ಸ್ಥಲ ತಿಲಕಗಳನ್ನು ಹಳಕಟ್ಟಿಯವರು ಕಂಡರು. ಓದಿದಂತೆಲ್ಲ ಆಶ್ಚರ್ಯವು ಬೆಳೆಯಿತು. ಇಂಗ್ಲಿಷ್ ವಿದ್ಯೆಯನ್ನು ಕಲಿತು, ಪರದೇಶದ ತತ್ತ್ವಗ್ರಂಥಗಳನ್ನು ಅಚ್ಚಿನಲ್ಲಿ ಓದಿದ್ದ ಆ ವಕೀಲರಿಗೆ ತಮ್ಮದೇ ಮನೆಮಾತಿನಲ್ಲಿ ಇಂಥ ಅನುಭಾವವು ಎಂಟುನೂರು ವರ್ಷಗಳ ಹಿಂದೆಯೇ ಹೊರಹೊಮ್ಮಿದ್ದಿತೆಂಬುದು ಓಲೆಗರಿಯಿಂದಲೇ ತಿಳಿಯಬೇಕಾಯಿತು. ಅಂದಿನಿಂದ ಅವರು ಬಿಡುವಾದಾಗಲೆಲ್ಲ ಊರೂರು ಅಲೆದು ಕಟ್ಟುಗಳನ್ನು ಹುಡುಕತೊಡಗಿದರು.

ಹುಡುಕುವುದು ಸುಲಭವಾಗಿರಲಿಲ್ಲ. ಪೂಜೆಯ ವಸ್ತುವನ್ನು ಮನೆಯಿಂದ ಹೊರಗೆ ಕೊಟ್ಟರೆ ಮನೆತನಕ್ಕೆ ಕೇಡಾದೀತೆಂಬ ಭಯ ಕೆಲವರಿಗೆ. ಅನಧಿಕಾರಿಗಳ ಕೈಗೆ ಶಾಸ್ತ್ರವು ಸಿಕ್ಕೀತೆಂಬ ಶಂಕೆ ಮತ್ತೆ ಕೆಲವರಿಗೆ. ಈ ಎರಡನೆಯ ಶಂಕೆಯನ್ನು ಅಜ್ಞಾನವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಕರಣಹಸಿಗೆ, ಮಂತ್ರಗೋಪ್ಯ ಮೊದಲಾದ ಗ್ರಂಥಗಳ ಹೆಸರುಗಳೇ ಅವು ಗುರುಮುಖದಿಂದ ತಿಳಿಯತಕ್ಕವೆಂಬುದನ್ನು ಸೂಚಿಸುತ್ತವೆ. ಬೆಡಗಿನ ವಚನದ ಬಾಹ್ಯಾರ್ಥವನ್ನು ಮಾತ್ರ ಹಿಡಿದವನು ನಗುತ್ತಾನೆ, ಇಲ್ಲವೆ ದಾರಿ ತಪ್ಪುತ್ತಾನೆ. ಓಲೆಯ ಕಾಲದಲ್ಲಿ ಓದುವವನ ಪಕ್ಕದಲ್ಲಿ ಹೇಳುವವನೊಬ್ಬನು ಇರಲೇಬೇಕಾಗಿತ್ತು; ಏಕೆಂದರೆ ಓಲೆಯನ್ನು ಒಬ್ಬನೇ ಕುಳಿತು ಓದುವುದೇ ಕಷ್ಟ. ಕಂಟದಿಂದ ಕೊರೆದ ಅಕ್ಷರಕ್ಕೆ ಮಸಿಯನ್ನು ಸವರಿ ಒರೆಸಿದ ಮೇಲೆಯೇ ಅದು ಕಣ್ಣಿಗೆ ಕಾಣುವುದು. ಪದಪದಗಳ ನಡುವೆ ತೆರವಿಲ್ಲ, ವಾಕ್ಯವು ಮುಗಿದುದಕ್ಕೆ ಗುರುತಿಲ್ಲ. ಎಲ್ಲಿ ಬಿಡಿಸಬೇಕೆಂಬುದನ್ನು ಬಲ್ಲವರಿಂದ ಕೇಳಿಯೇ ತಿಳಿಯಬೇಕು. ಆ ಕಷ್ಟವೇ ಗುರುಶಿಷ್ಯರನ್ನು ಒಂದೆಡೆ ಕೂಡಿಸುತ್ತಿದ್ದಿತು. ಅಚ್ಚಿನ ಪುಸ್ತಕವಾದರೋ ಸಂತೆಯಲ್ಲಿ ಕೊಂಡವನಿಗೆ ಅವನ ಮನೆಯ ಮೂಲೆಯಲ್ಲಿಯೇ ದೊರೆಯುವುದು. ಅಲ್ಲಿ ಹೇಳುವವರು ಯಾರು?

ಹಳಕಟ್ಟಿಯವರು ಈ ಪ್ರಶ್ನೆಗೆ ವಾದದಿಂದ ಉತ್ತರವನ್ನು ಕೊಡಲು ಹೋಗಲಿಲ್ಲ. ಹೇಳಬಲ್ಲವರೇ ಕಡಿಮೆಯಾಗುತ್ತಿದ್ದರು, ಓಲೆಗಳು ಅವರಿಗಿಂತ ವೇಗವಾಗಿ ಕಡಿಮೆಯಾಗುತ್ತಿದ್ದುವು ಎಂಬುದು ಅವರಿಗೆ ಕಂಡಿತು. ಶರಣರು ದೇವಭಾಷೆಯನ್ನು ಬಿಟ್ಟು ತಿಳಿಗನ್ನಡದಲ್ಲಿ ನುಡಿದುದೇ ಅಗಸನಿಗೂ ಅಂಬಿಗನಿಗೂ ಅರ್ಥವಾಗಲೆಂದು. ಆ ನುಡಿಯನ್ನು ಪೆಟ್ಟಿಗೆಯಲ್ಲಿ ಮುಚ್ಚಿಡುವುದು ಅವರ ಉದ್ದೇಶಕ್ಕೆ ವಿರುದ್ಧವೆಂಬುದನ್ನೂ ಅವರ ಕಾರ್ಯವು ಸಾರುತ್ತದೆ. ಕೊಡಲೊಲ್ಲದವರ ಮನೆಯಲ್ಲಿಯೇ ಕುಳಿತು ನಕಲು ಮಾಡುವುದು, ಕೊಡುವವರಿಂದ ತಂದು ಹಲವು ಪ್ರತಿಗಳನ್ನು ಹೋಲಿಸುವುದು, ಅಂಕಿತವನ್ನು ನೋಡಿ ಕರ್ತೃವನ್ನು ನಿರ್ಣಯಿಸುವುದು, ಹೀಗೆ ಕೆಲಸವು ವರ್ಷಗಟ್ಟಲೆ ಸಾಗಿತು. ಒಂದು ಪ್ರತಿಯಲ್ಲಿ ಗುಹೇಶ್ವರ, ಇನ್ನೊಂದರಲ್ಲಿ ಗೊಹೇಶ್ವರ. ಒಂದು ಗೀರಿನ ವ್ಯತ್ಯಾಸದಿಂದ ಅಂಕಿತದ ರೂಪವೇ ಬೇರೆಯಾಗುವುದು. ನ್ಯಾಯಾಲಯದಲ್ಲಿ ಸಾಕ್ಷಿಗಳ ಹೇಳಿಕೆಗಳನ್ನು ಒಂದಕ್ಕೊಂದು ಒರೆಹಚ್ಚಿ ನೋಡುವ ವಕೀಲರ ಅಭ್ಯಾಸವು ಇಲ್ಲಿ ಒದಗಿಬಂದಿತೆನ್ನಬೇಕು.

ಅದಕ್ಕೆ ಮೊದಲು ವಚನಗಳು ಅಚ್ಚನ್ನೇ ಕಂಡಿರಲಿಲ್ಲವೆಂದಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೇ ಕೆಲವು ವಚನಗ್ರಂಥಗಳು ಅಲ್ಲಲ್ಲಿ ಮುದ್ರಣವಾಗಿದ್ದುವು. ಆದರೆ ಇಡಿಯ ವಚನರಾಶಿಯನ್ನು ಒಂದು ಶಾಸ್ತ್ರವೆಂದು ಕಂಡು, ಶೋಧಿಸಿ, ಕ್ರಮಗೊಳಿಸಿ ಜನರ ಮುಂದಿಡುವ ಪ್ರಯತ್ನವು ನಡೆದಿರಲಿಲ್ಲ. ಹಳಕಟ್ಟಿಯವರು ಸಿದ್ಧಪಡಿಸಿದ ವಚನಶಾಸ್ತ್ರಸಾರದ ಹಸ್ತಪ್ರತಿಯು ಮೊದಲು ಮಂಗಳೂರಿನ ಒಂದು ಮುದ್ರಣಾಲಯಕ್ಕೆ ಹೋಗಿ ಅಚ್ಚಾಗದೆ ಹಿಂದಿರುಗಿತು. ಕಡೆಗೆ 1923ರಲ್ಲಿ ಅದರ ಪ್ರಥಮ ಭಾಗವು ಬೆಳಗಾವಿಯಲ್ಲಿ ಮುದ್ರಿತವಾಗಿ ಹೊರಬಂದಿತು. ಅಷ್ಟರಲ್ಲಿಯೇ ಅವರು ಬಸವಣ್ಣನವರ ವಚನಗಳನ್ನು ಇಂಗ್ಲಿಷಿಗೆ ತಿರುಗಿಸಿ, 1922ರಿಂದ ಇಂಡಿಯನ್ ಆ್ಯಂಟಿಕ್ವರಿ ಎಂಬ ಪ್ರಸಿದ್ಧ ಪತ್ರಿಕೆಯ ಮೂಲಕ ವಿದ್ವಾಂಸರಿಗೆ ಮುಟ್ಟಿಸಲಾರಂಭಿಸಿದ್ದರು.

ವಚನಶಾಸ್ತ್ರಸಾರದ ವಿಷಯದಲ್ಲಿ ಇನ್ನೊಂದು ಮಾತನ್ನು ಗಮನಿಸಬೇಕು. ಓಲೆಯ ಕಟ್ಟುಗಳಲ್ಲಿ ವಚನಗಳು ಬಹುಮಟ್ಟಿಗೆ ಭಕ್ತಸ್ಥಲದಿಂದ ಐಕ್ಯಸ್ಥಲದವರೆಗೆ ಮೆಟ್ಟಿಲು ಮೆಟ್ಟಿಲಾಗಿ ಸ್ಥಲಕಟ್ಟಿನಲ್ಲಿ ಜೋಡಿಸಲ್ಪಟ್ಟಿದ್ದುವು. ಓದುವವನು ಒಂದೊಂದೇ ಮೆಟ್ಟಿಲನ್ನು ಏರುತ್ತ ಹೋಗಬೇಕೆಂಬುದು ಅದರ ಆಶಯ. ಹಳಕಟ್ಟಿಯವರಾದರೋ ಬೇರೆ ಬೇರೆ ಶರಣರ ವಚನಗಳನ್ನು ವಿಷಯಾನುಸಾರವಾಗಿ ವಿಂಗಡಿಸಿ, ವಿವರಣೆಯೊಡನೆ ಒಂದೆಡೆ ತಂದರು. ಹೊಸ ಓದುಗನಿಗೆ ಇದರಿಂದ ಮಹೋಪಕಾರವಾಯಿತು. ಗುರು, ಲಿಂಗ, ಜಂಗಮ, ಕಾಯಕ ಇತ್ಯಾದಿಗಳ ವಿಷಯದಲ್ಲಿ ಶರಣರೆಲ್ಲರ ಅಭಿಪ್ರಾಯವನ್ನು ಅವನು ಒಮ್ಮೆಗೇ ಕಾಣಬಹುದಾಯಿತು. ಆದರೆ ಮೆಟ್ಟಿಲುಗಳು ಬಿಚ್ಚಿಹೋದುವೆಂಬ ಮಾತೂ ಸುಳ್ಳಲ್ಲ. ಇದನ್ನು ಅವರು ಅರಿಯದವರೇನಲ್ಲ. ಮುಂದೆ ಒಬ್ಬೊಬ್ಬ ಶರಣರ ವಚನಗಳನ್ನು ಬಿಡಿಬಿಡಿಯಾಗಿ ಪ್ರಕಟಿಸಿದರು. ಗೂಳೂರು ಸಿದ್ಧವೀರಣ್ಣೊಡೆಯರ ಶೂನ್ಯಸಂಪಾದನೆಯನ್ನು 1930ರಲ್ಲಿ ಬೆಳಕಿಗೆ ತಂದರು. ಸಾರವನ್ನು ಓದಿ ರುಚಿ ಹತ್ತಿದವನಿಗೆ ಮೂಲವೂ ದೊರೆಯುವಂತಾಯಿತು.

ಪರರ ಮುದ್ರಣಾಲಯವನ್ನು ನಂಬಿ ಇಷ್ಟು ದೊಡ್ಡ ಕಾರ್ಯವು ಸಾಗದೆಂಬುದು ಅವರಿಗೆ ಬೇಗನೆ ಮನವರಿಕೆಯಾಯಿತು. 1925ರಲ್ಲಿ ತಮ್ಮ ಸ್ವಂತ ಮನೆಯನ್ನು ಮಾರಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಗೃಹಸ್ಥನಿಗೆ ಮನೆಯೆಂದರೇನೆಂಬುದನ್ನು ಬಲ್ಲವರು ಈ ಒಂದು ವಾಕ್ಯದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಹೆಂಡಿರು ಮಕ್ಕಳಿರುವ ಸಂಸಾರ. ವಕೀಲಿ ಬಲ್ಲ ಕೈ. ಇನ್ನೂ ಎರಡು ಮನೆಗಳನ್ನು ಕಟ್ಟಿಸಬಹುದಾಗಿದ್ದ ಪ್ರತಿಷ್ಠೆ. ಅವರು ಇದ್ದ ಮನೆಯನ್ನೂ ಕಳೆದುಕೊಂಡು, ಸೀಸದ ಮೊಳೆಗಳನ್ನೂ ಅಚ್ಚಿನ ಯಂತ್ರವನ್ನೂ ಕೊಂಡುಕೊಂಡರು. ಆಮೇಲೆ ಕೊನೆಯವರೆಗೂ ಬಾಡಿಗೆಯ ಮನೆಯಲ್ಲಿಯೇ ವಾಸ. ತೇಪೆ ಹಾಕಿದ ಕೋಟನ್ನು ತೊಟ್ಟು ಓಡಾಡುತ್ತಿದ್ದ ರಾವಬಹಾದ್ದೂರರನ್ನು ಕಂಡ ಪಟ್ಟಣದ ಜನರಿಗೆ ಆಶ್ಚರ್ಯವಾಗಿರಲೇಬೇಕು.

1926ರಲ್ಲಿ ಶಿವಾನುಭವ ಪತ್ರಿಕೆಯು ಆರಂಭವಾಯಿತು. ಮರುವರ್ಷ ನವಕರ್ನಾಟಕವೆಂಬ ವಾರಪತ್ರಿಕೆಯೂ ಹೊರಟಿತು. ಶಿವಾನುಭವವು ಮೂರು ದಶಕಗಳಿಗೂ ಮಿಕ್ಕಿ ನಡೆದು, ವಚನಗಳನ್ನೂ ಹರಿಹರನ ರಗಳೆಗಳನ್ನೂ ಶರಣರ ಚರಿತ್ರೆಗಳನ್ನೂ ಕಂತುಕಂತಾಗಿ ಮನೆಮನೆಗೆ ತಲುಪಿಸಿತು. ಓಲೆಯ ಪಕ್ಕದಲ್ಲಿ ಕುಳಿತು ಹೇಳುವ ಗುರುವಿನ ಸ್ಥಾನವನ್ನು ಪತ್ರಿಕೆಯು ಪೂರ್ಣವಾಗಿ ತುಂಬಲಾರದು, ನಿಜ. ಆದರೂ ಸಂಚಿಕೆಯನ್ನು ಎದುರುನೋಡಿ ಓದುವವರಿಗೆ ಅದರ ಟಿಪ್ಪಣಿ ಮತ್ತು ಲೇಖನಗಳು ಒಂದಿಷ್ಟು ದಾರಿಯನ್ನು ತೋರಿಸಿದುವು. ಚಂದಾದಾರರ ಹಣದಿಂದ ಪತ್ರಿಕೆಗೆ ಲಾಭವಾದುದೆಂದಿಲ್ಲ. ಕಾಗದ, ಮಸಿ, ಅಂಚೆ, ಆಳುಗಳ ಕೂಲಿ ಇವೆಲ್ಲಕ್ಕೂ ಮನೆಯ ಗಳಿಕೆಯೇ ಹೋಯಿತು. ಅವರು ಕಾರ್ಯವನ್ನು ಕೈಗೊಂಡಾಗ ಐವತ್ತರಷ್ಟು ವಚನಕಾರರ ಹೆಸರುಗಳು ತಿಳಿದಿದ್ದುವು; ಅವರ ಶೋಧನೆಯಿಂದ ಆ ಸಂಖ್ಯೆಯು 250ರ ಸಮೀಪಕ್ಕೆ ಬಂದಿತು. ಹೆಸರೂ ಅಳಿದುಹೋಗಲಿದ್ದ ಇನ್ನೂರು ಮಂದಿ ಶರಣಶರಣೆಯರು ಒಬ್ಬ ಗೃಹಸ್ಥರ ಮನೆಯ ಬೆಲೆಗೆ ಮರಳಿ ಬಂದರು.

ನಾಡು ಅವರನ್ನು ಮರೆಯಲಿಲ್ಲ. 1926ರಲ್ಲಿ ಬಳ್ಳಾರಿಯಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಲನಕ್ಕೆ ಅಧ್ಯಕ್ಷರಾದರು. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟನ್ನು ಅರ್ಪಿಸಿತು. ವಚನಪಿತಾಮಹರೆಂಬ ಹೆಸರು ಜನರ ಬಾಯಿಂದಲೇ ಬಂದಿತು. 1964ನೆಯ ಇಸವಿ ಜೂನ್ 29ರಂದು, 84 ವರ್ಷಗಳು ತುಂಬಲು ಮೂರೇ ದಿನಗಳು ಉಳಿದಿರುವಾಗ, ಅವರು ಲಿಂಗೈಕ್ಯರಾದರು.

ಅವರ ತರುವಾಯ ವಚನಗಳ ಯಾತ್ರೆಯು ನಿಲ್ಲಲಿಲ್ಲ. 1993ರಲ್ಲಿ ಕರ್ನಾಟಕ ಸರಕಾರವು ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನಸಂಪುಟಗಳನ್ನು 15 ಭಾಗಗಳಲ್ಲಿ ಹೊರತಂದಿತು. 20,000ಕ್ಕೂ ಮೀರಿದ ವಚನಗಳು ಒಂದೆಡೆ ದೊರೆತುವು. ಇಪ್ಪತ್ತೊಂದನೆಯ ಶತಮಾನದಲ್ಲಿ ಅವೇ ವಚನಗಳು ಕಾಗದವನ್ನೂ ಬಿಟ್ಟು ಗಣಕಯಂತ್ರವನ್ನು ಸೇರಿದುವು. ವಚನ ಸಂಚಯವೆಂಬ ಅಂತರ್ಜಾಲದ ತಾಣದಲ್ಲಿ ಒಂದು ಪದವನ್ನು ಬರೆದರೆ ಸಾಕು, ಆ ಪದವಿರುವ ವಚನಗಳು ಕ್ಷಣಾರ್ಧದಲ್ಲಿ ಕಣ್ಣೆದುರು ಸಾಲುಗಟ್ಟುತ್ತವೆ. ಹಳಕಟ್ಟಿಯವರು ಎಣ್ಣೆದೀಪದ ಬೆಳಕಿನಲ್ಲಿ ತಿಂಗಳುಗಟ್ಟಲೆ ಮಾಡಿದ ವಿಂಗಡಣೆಯನ್ನು ಇಂದು ಶಾಲೆಯ ಬಾಲಕನೂ ಕೈಯಲ್ಲಿರುವ ಮೊಬೈಲಿನಲ್ಲಿ ಮಾಡಬಲ್ಲನು. ಇದನ್ನು ಕಂಡಿದ್ದರೆ ಅವರು ಮನೆಯನ್ನು ಮಾರಿದುದು ವ್ಯರ್ಥವಾಯಿತೆಂದು ಮರುಗುತ್ತಿದ್ದರೆನ್ನುವುದಕ್ಕಿಂತ, ಮರುದಿನವೇ ಅದನ್ನು ಕಲಿಯಲು ಕುಳಿತುಕೊಳ್ಳುತ್ತಿದ್ದರೆನ್ನುವುದು ಅವರ ಸ್ವಭಾವಕ್ಕೆ ಹೆಚ್ಚು ಒಪ್ಪುತ್ತದೆ.

ಆದರೆ ಅವರ ಕಾಲದ ಶಂಕೆಯೂ ಹೊಸ ವೇಷದಲ್ಲಿ ಹಿಂಬಾಲಿಸಿ ಬಂದಿದೆ. ಅಚ್ಚಿನಲ್ಲಿ ಬಿಚ್ಚಿದ ಮೆಟ್ಟಿಲುಗಳು ಗಣಕದಲ್ಲಿ ಬಿಡಿಕಲ್ಲುಗಳಾಗಿವೆ. ಮುಂಜಾನೆ ಮೊಬೈಲಿಗೆ ಬಂದ ವಚನದ ಮುಂದೇನಿದೆ, ಹಿಂದೇನಿದೆ, ಯಾವ ಸ್ಥಲದ್ದು ಎಂದು ವಿಚಾರಿಸುವವರು ಎಷ್ಟು ಮಂದಿ? ಒಬ್ಬ ಶರಣರ ವಚನಕ್ಕೆ ಇನ್ನೊಬ್ಬರ ಹೆಸರನ್ನು ಹಚ್ಚಿ ಹರಡುವುದುಂಟು. ಯಾವ ಶರಣರೂ ನುಡಿಯದ ಮಾತಿಗೆ ಅಂಕಿತವನ್ನು ಅಂಟಿಸುವುದೂ ಉಂಟು. ಹಳೆಯ ಅಕ್ಷರವಿನ್ಯಾಸದಿಂದ ಹೊಸದಕ್ಕೆ ಪಠ್ಯವನ್ನು ಬದಲಾಯಿಸುವಾಗ ಒತ್ತಕ್ಷರವು ಕಳಚಿಬೀಳುತ್ತದೆ, ಅರ್ಕಾವತ್ತು ಸ್ಥಾನಪಲ್ಲಟವಾಗುತ್ತದೆ. ಓಲೆಯನ್ನು ಹುಳು ತಿಂದರೆ ರಂಧ್ರವು ಕಣ್ಣಿಗೆ ಕಾಣುತ್ತದೆ. ಇಲ್ಲಿಯ ತಪ್ಪು ಕಾಣುವುದಿಲ್ಲ, ಒಬ್ಬರಿಂದ ಒಬ್ಬರಿಗೆ ಸಾವಿರಾರು ಪ್ರತಿಗಳಾಗಿ ಸಾಗುತ್ತದೆ. ಹಳಕಟ್ಟಿಯವರು ಒಂದು ಅಕ್ಷರಕ್ಕಾಗಿ ಇನ್ನೊಂದು ಊರಿನ ಪ್ರತಿಯನ್ನು ತರಿಸಿ ನೋಡುತ್ತಿದ್ದ ಆ ತಾಳ್ಮೆಯನ್ನು ಯಾವ ಯಂತ್ರವೂ ತಾನಾಗಿ ತಂದುಕೊಡದು.

1923ರ ವಚನಶಾಸ್ತ್ರಸಾರದ ಪ್ರತಿಗಳು ಈಗಲೂ ಕೆಲವು ಹಳೆಯ ಮನೆಗಳಲ್ಲಿ ಉಳಿದಿವೆ. ಅವುಗಳ ಕಾಗದವು ಕಂದಿ, ಮಡಿಸಿದಲ್ಲಿ ಮುರಿಯುತ್ತದೆ. ಕೆಲವು ಮನೆಗಳಲ್ಲಿ ಅವೂ ಜಗಲಿಯನ್ನೇರಿ ಪೂಜೆಗೊಳ್ಳುತ್ತಿವೆ. ಹಳಕಟ್ಟಿಯವರು ಕೂಡಿಹಾಕಿದ ಓಲೆಗರಿಯ ಕಟ್ಟುಗಳು ವಿಜಯಪುರದಲ್ಲಿ, ಅವರದೇ ಹೆಸರಿನ ಸಂಶೋಧನ ಕೇಂದ್ರದಲ್ಲಿವೆ. ಅಚ್ಚಿನ ಅಕ್ಷರದಲ್ಲಾಗಲಿ ಗಣಕದ ಅಕ್ಷರದಲ್ಲಾಗಲಿ ಸಂದೇಹ ಬಂದವರು ಇಂದಿಗೂ ಅಲ್ಲಿಗೆ ಹೋಗಿ, ದಾರವನ್ನು ಬಿಚ್ಚಿ, ಗರಿಯನ್ನು ಬೆಳಕಿಗೆ ಹಿಡಿದು ನೋಡುತ್ತಾರೆ.